ಲ್ಯಾಕ್ಟೋಮೀಟರ್ ನಲವತ್ತಕ್ಕೆ ಮುಗಿಯುತ್ತದೆ

ದುದ್ದದ ಡೈರಿಯಲ್ಲಿ ವಾರವಿಡೀ
ಕಂಡವರ ಹಾಲಿಗೆ ಮುಳುಗಿ ಎದ್ದ ಗಾಜಿನ ಬುರುಡೆ
ಭಾನುವಾರ ನನ್ನ ಬ್ಯಾಗಿನಲ್ಲಿ ಕರ್ಚೀಫು ಸುತ್ತಿಕೊಂಡು
ಬಸ್ಸು ಹತ್ತಿ ಹಾಸನಕ್ಕೆ ಬಂತು.
ಕದ್ದದ್ದಲ್ಲ. ಸೋಮವಾರ ವಾಪಸ್ಸು.

ಪೆನ್ಷನ್ ಮೊಹಲ್ಲಾ, ಕೆಳಮನೆ.
ಮೇಲ್ಮನೆಯಲ್ಲಿ ಪುಟ್ಟಮಾದಪ್ಪನವರು,
ಅಬಕಾರಿಯಲ್ಲಿ ಮೂವತ್ತಮೂರು ವರ್ಷ ಗಾರ್ಡು. ಈಗ ರಿಟೈರು,
ಮೂಗು ಮಾತ್ರ ಇನ್ನೂ ಸರ್ವಿಸಿನಲ್ಲಿದೆ.

ಬಾರ್ಲಿ ಮಾಲ್ಟು ಎರಡು ಕಾಲು ಕೇಜಿ.
ಮಿಲ್ಲಿನವನು "ಅಂಬ್ಲಿಗಾ ಅಕ್ಕಾ?" ಅಂದ.
ಹೂಂ, ಹಿಟ್ಟು ಮಾಡಬೇಡ, ಬರೀ ಒಡಿ,
ಸಿಪ್ಪೆ ಹಾಗೇ ಇರಲಿ ಅಂದೆ.
ಅದ್ಯಾವ ಸೀಮೆ ಅಂಬಲಿ ಎಂದಿತು ಅವನ ಹುಬ್ಬು.

ಹಳೇ ಪಂಚೆಯ ಚೀಲದಲ್ಲಿ ನುಚ್ಚು ಕಟ್ಟಿ
ಇಡ್ಲಿ ಪಾತ್ರೆಯ ಬಿಸಿನೀರಿಗಿಳಿಸಿ
ಅರವತ್ತಾರು ಡಿಗ್ರಿಗೆ ಒಲೆ ಆರಿಸಿ, ಕಂಬಳಿ ಹೊದಿಸಿ
ಒಂದು ಗಂಟೆ, ಬಾಣಂತಿಯ ಹಾಗೆ.

ಹಾಪ್ಸು ಕೊರಿಯರಿನಲ್ಲಿ ಬಂದದ್ದು,
ಐವತ್ತು ಗ್ರಾಂ ಹಸಿರು ಗುಳಿಗೆ, ಮುನ್ನೂರು ರೂಪಾಯಿ,
ಇಡೀ ಕೆಲಸದಲ್ಲಿ ದುಬಾರಿ ಅಂದರೆ ಇದೊಂದೇ.
ಪೊಟ್ಟಣ ಹರಿದರೆ ಹೇರಳೆಕಾಯಿ ಸಿಪ್ಪೆ,
ಈಗಷ್ಟೇ ಹುಲ್ಲು ಕೊಯ್ದ ಕುಡುಗೋಲು,
ಹೆಸರು ತಿಳಿಯದ ಇನ್ನೊಂದು.
ಕುದಿ ಬಂದಾಗ ಒಂದು ಚಮಚ, ಕಹಿಗೆ.
ಇಳಿಸುವ ಮುನ್ನ ಎರಡು, ಘಮಕ್ಕೆ.
ಮಿಕ್ಕಿದ್ದು ಆಮೇಲೆ, ತಣ್ಣಗಿರುವಾಗ.
"ಒಗ್ಗರಣೆ ಕೊನೆಗೆ ತಾನೇ" ಎಂದ ಲೋಹಿತ,
ಜನ್ಮದಲ್ಲಿ ಒಂದು ಸಾರು ಮಾಡದವನು.

ತಣಿದ ಸಿಹಿನೀರಿಗೆ ಬುರುಡೆ ಬಿಟ್ಟೆ.
ಹಾಲಿನಲ್ಲಿ ಇಪ್ಪತ್ತೆಂಟಕ್ಕೆ ತೆಪ್ಪಗೆ ನಿಲ್ಲುವ ಜೀವ
ಇಲ್ಲಿ ಅಂಕಿಗಳನ್ನೆಲ್ಲ ಎತ್ತಿ ಹಿಡಿದುಕೊಂಡು,
ಹೊಳೆ ದಾಟುವವಳು ಸೀರೆ ಎತ್ತಿದ ಹಾಗೆ,
ಕುತ್ತಿಗೆ ಪೂರಾ ಹೊರಗಿಟ್ಟಿತು.
ಅದರ ಲೆಕ್ಕ ನಲವತ್ತಕ್ಕೆ ಮುಗಿಯುತ್ತದೆ.
ಎಷ್ಟು ಎಂದ. ಗೊತ್ತಿಲ್ಲ ಅಂದೆ.
ಹಾಗೆಂದು ಎಷ್ಟು ವರ್ಷವಾಗಿತ್ತೋ!
ಡೈರಿಯಲ್ಲಿ ನನಗೆ ಎಲ್ಲ ಗೊತ್ತಿರಬೇಕು:
ಯಾರ ಹಸು, ಯಾರ ನಲ್ಲಿ.

ನೀರಿನ ಕ್ಯಾನಿಗೆ ಸುರಿದು ಯೀಸ್ಟು ಉದುರಿಸಿ
ಆಸ್ಪತ್ರೆಯ ಡ್ರಿಪ್ ಕೊಳವೆಯೊಂದನ್ನು ಬಿರಡೆಗೆ ಸಿಕ್ಕಿಸಿ
ತುದಿಯನ್ನು ಲೋಟದ ನೀರಿನಲ್ಲಿ ಅದ್ದಿಟ್ಟ.
ರಾತ್ರಿ ಮೂರಕ್ಕೆ, ಗುಳುಕ್.
ಬಹಳ ಹೊತ್ತು ಏನಿಲ್ಲ.
ಗುಳುಕ್.
ಕಾಂಪೌಂಡರ್ ಎದ್ದು ಕೂತು, ನಾಡಿ ಹಿಡಿದವನಂತೆ
ವಾಚು ನೋಡುತ್ತ ಎಣಿಸಿದ.

ಎರಡು ವಾರಕ್ಕೆ ಬುರುಡೆ ಮತ್ತೆ ಬಂತು: ಹತ್ತು.
ಹಾಲಾಗಿದ್ದರೆ ಕ್ಯಾನು ಹಿಂದಕ್ಕೆ, ಪಾಸ್‌ಬುಕ್ಕಿಗೆ ಕೆಂಪು ಶಾಯಿ.
ಇದಕ್ಕೆ ಲೋಹಿತ ಕುಣಿದ.
ಗುಜರಿಯ ಬಾಟಲಿ ಹದಿನೈದು, ತಲಾ ಚಮಚ ಸಕ್ಕರೆ,
ಸೋಡಾ ಬಾಷಾಸಾಬರ ಹಳೇ ಯಂತ್ರದಲ್ಲಿ ಮುಚ್ಚಳ ಒತ್ತಿಸಿ
ಎಲ್ಲ ಕೂಡಿ ಭಾಗಿಸಿದರೆ ಬಾಟಲಿಗೆ ನಲವತ್ತಾರು.

ಎಂಟನೇ ರಾತ್ರಿ ಮಂಚದಡಿಯಲ್ಲಿ ಒಂದು ಸಿಡಿಯಿತು.
ಮೆಟ್ಟಿಲಿಳಿದ ಸದ್ದು. ಬಾಗಿಲಲ್ಲಿ ಬನಿಯನ್ನು, ಟಾರ್ಚು.
ಪುಟ್ಟಮಾದಪ್ಪನವರು ಉಸಿರೆಳೆದರು, ಕಣ್ಣು ಮುಚ್ಚಿ:
"ಬೆಲ್ಲ ಅಲ್ಲ. ನವಸಾಗರ ಇಲ್ಲ. ಕೊಳೆ ಹಣ್ಣೂ ಅಲ್ಲ."
ಮೊದಲ ಸಲ ಸೋತಂತೆ ಕುರ್ಚಿ ಎಳೆದುಕೊಂಡರು.

"ಎಷ್ಟು ಕೊಡ ಒಡೆದಿದ್ದೀನಿ ಗೊತ್ತೇನಮ್ಮ,
ಕಬ್ಬಿನ ಗದ್ದೆ ಮಧ್ಯೆ, ಸ್ಮಶಾನದಲ್ಲಿ,
ಒಂದ್ಸಲ ದೇವರ ಮನೇಲೂ.
ಒಂದು ತೊಟ್ಟು ಬಾಯಿಗಿಟ್ಟೋನಲ್ಲ. ಡ್ಯೂಟಿ."

ಸ್ಟೀಲ್ ಲೋಟಕ್ಕೆ ಬಗ್ಗಿಸಿ ಕೊಟ್ಟೆ.
ನೊರೆ ನೋಡಿದರು. ಕುಡಿದರು. ಮುಖ ಕಿವುಚಿದರು.
"ಕಹಿ!"
ಹೌದು.
"ಬೇಕು ಅಂತಲೇ ಹಾಕಿದ್ದಾ?"
ಬೇಕು ಅಂತಲೇ.
"ದುಡ್ಡು ಕೊಟ್ಟು?"

ಇನ್ನೊಂದು ಗುಟುಕು, ತಪ್ಪೆಲ್ಲಿದೆ ಎಂದು ಹುಡುಕುವವರಂತೆ.
ಮತ್ತೊಂದು. ಬಾಟಲಿ ಖಾಲಿಯಾಯಿತು.
ಏಳುವಾಗ ಟಾರ್ಚು ಮಂಚದಡಿ ಒಮ್ಮೆ ಹರಿದು ಬಂತು.
"ಹದಿಮೂರು" ಎಂದರು ಮಹಜರಿನ ದನಿಯಲ್ಲಿ,
ಬರೆದುಕೊಳ್ಳಲಿಲ್ಲ.